ಮೊದಲ ಮುದ್ರೆ ಲಕೋಟೆಗೆ

ಫೆಬ್ರವರಿ 6

ಚಿನಕುರುಳಿಗೆ, ಅಣ್ಣನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ, ನಂಬಬೇಡ.

ನಾನು ಕೊಡಿಸಿದ ಕೆಲಸ ಬಿಟ್ಟು ನೀನು ಮೈಕಿನ ಮುಂದೆ ಕುಳಿತ ದಿನ ನಾವಿಬ್ಬರೂ ಆಡಬಾರದ್ದನ್ನು ಆಡಿಕೊಂಡೆವು. ಆಮೇಲೆ ಮೂರು ವರ್ಷ ನಿನ್ನ ದನಿ ಕೇಳಿರಲಿಲ್ಲ. ಈಗ ಊರೆಲ್ಲ ಕೇಳುತ್ತಿದೆ, ನಾನೂ ಕೇಳುತ್ತಿದ್ದೇನೆ, ನಿನ್ನ ಅತ್ತಿಗೆಯ ಫೋನಿನಲ್ಲಿ. ನನ್ನ ಫೋನನ್ನು ವಿಚಾರಣಾ ಆಯೋಗದವರು ಒಯ್ದಿದ್ದಾರೆ. ಅವಳ ಫೋನಿನಿಂದ ಎರಡು ಸಲ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಪಾಡ್‌ಕಾಸ್ಟಿಗೆ "ಚಹಾ ವಿರಾಮ" ಎಂಬ ಹೆಸರು ಚೆನ್ನಾಗಿದೆ. ಪ್ರಶ್ನೆ ಬಿಗಿಯಾದಾಗಲೆಲ್ಲ ನ್ಯಾಯಾಧೀಶರು ಚಹಾ ಕೇಳುವುದು ನಿಜ. ಮಾರುಕಟ್ಟೆಯ ಛಾವಣಿ ಬಿದ್ದು ಹನ್ನೊಂದು ಜನ ಸತ್ತ ವಿಚಾರಣೆಯನ್ನು ನಗಿಸುತ್ತ ಹೇಳಬಹುದೆಂದು ನನಗೆ ತೋಚಿರಲಿಲ್ಲ. ಮಾರುಕಟ್ಟೆಯ ಉಸ್ತುವಾರಿ ಹೊತ್ತ ನಮ್ಮ ಆಫೀಸಿನ ದೊಡ್ಡ ಸಾಹೇಬರು ಉತ್ತರಕ್ಕೆ ಮೊದಲು ಕನ್ನಡಕ ಒರೆಸುವುದನ್ನು ನೀನು ಬಣ್ಣಿಸಿದಾಗ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನನ್ನ ಸರದಿ ಬಂತು.

ನಾನು "ನೆನಪಿಲ್ಲ" ಎಂದಾಗಲೆಲ್ಲ ಒಂದು ಸೈಕಲ್ ಗಂಟೆ. ಮೂವತ್ತೇಳು ಸಲ. ಲೆಕ್ಕ ಸರಿಯಾಗಿದೆ, ನಾನೂ ಎಣಿಸಿದೆ. "ಮರೆವು ಮಾಮ" ಎಂದು ಹೆಸರೂ ಇಟ್ಟೆ. ಆ ಮಾಮ ನಿನ್ನ ಒಡಹುಟ್ಟಿದವನೆಂದು ಕೇಳುಗರಿಗೆ ಹೇಳಲು ಮಾತ್ರ ನಿನಗೇ ಮರೆತುಹೋಯಿತು.

ಈಗ ಬೀದಿಗಿಳಿದರೆ ಟ್ರಿಣ್. ಹಾಲು ತರಲು ಹೋದರೆ ಟ್ರಿಣ್. ಅಂಗಡಿಯವನು "ಮಾಮ, ಮನೆ ದಾರಿ ನೆನಪಿದ್ಯಾ?" ಎನ್ನುತ್ತಾನೆ. ಮೊನ್ನೆ ಮಗಳು ತನ್ನ ಸೈಕಲ್ಲಿನ ಗಂಟೆಯನ್ನು ಸ್ಪ್ಯಾನರಿನಿಂದ ಬಿಚ್ಚಿ ಮೇಜಿನ ಡ್ರಾಯರಿಗೆ ಹಾಕಿದಳು. 

ಗಂಟೆ ನಿಲ್ಲಿಸು. ಬೇರೇನೂ ಕೇಳುವುದಿಲ್ಲ.

ಇಂತಿ,
ನಿನ್ನ ಅಣ್ಣ


ಫೆಬ್ರವರಿ 14

ಅಣ್ಣನಿಗೆ,

ಓದುವ ಮೊದಲೇ ನಿನ್ನ ಕಾಗದವೆಂದು ಗೊತ್ತಾಯಿತು. ಲೋಕದಲ್ಲಿ ಇನ್ಯಾರು ಆಫೀಸಿಗೆ ಬಂದ ಹಳೇ ಲಕೋಟೆಯ ಮೂರು ಅಂಚು ಕುಯ್ದು, ಬಿಡಿಸಿ, ಅದರ ಒಳಮೈ ಮೇಲೆ ಕಾಗದ ಬರೆಯುತ್ತಾರೆ? ನಾನು ಅ ಆ ತಿದ್ದಿದ್ದೇ ನೀನು ತರುತ್ತಿದ್ದ ಲಕೋಟೆಗಳ ಹೊಟ್ಟೆಯಲ್ಲಿ. ಹಿಂಬದಿ ತಿರುಗಿಸಿ ವಿಳಾಸ ಓದಲು ಹೋದರೆ ಬೈಯುತ್ತಿದ್ದೆ: "ಅದು ಊರವರ ವಿಷ್ಯ, ನಿಂಗ್ಯಾಕೆ? ನಿನ್ನ ಕಡೆ ನೋಡ್ಕೋ." ಇವತ್ತಿಗೂ ತಿರುಗಿಸುವುದಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯ ತಂಗಿ.

ಗಂಟೆ ನಿಲ್ಲಿಸಬೇಕಂತೆ. ನನ್ನ ಜೊತೆ ಧ್ವನಿಮುದ್ರಣ ಮಾಡುವ ಗುಂಡನಿಗೆ ಹೇಳಿದರೆ ಅವನು ಮೈಕನ್ನೇ ನನ್ನ ತಲೆಗೆ ಎಸೆಯುತ್ತಾನೆ. ಗೋಡೆಗೆಲ್ಲ ಕಂಬಳಿ ಜಡಿದ ಸ್ನಾನದ ಕೋಣೆಯಲ್ಲಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು ಮೂರು ವರ್ಷ ಮಾತಾಡಿದ್ದೇವೆ. ಯಾರೂ ಕೇಳಲಿಲ್ಲ. ಕೇಳಿದ್ದು ನಿನ್ನ ಕಂತನ್ನು.

ನಾನು ತಮಾಷೆಗೆ ಗಂಟೆ ಬಾರಿಸಿದೆ ಅಂದುಕೊಂಡಿದ್ದೀಯಾ? ನನ್ನ ಮೂರನೇ ತರಗತಿಯ ಅಂಕಗಳನ್ನು ಒಂದೊಂದು ವಿಷಯಕ್ಕೂ ಬಿಡಿಬಿಡಿಯಾಗಿ ಹೇಳಬಲ್ಲವನು ನೀನು. ಅಂಥವನು ಕಟಕಟೆಯಲ್ಲಿ ನಿಂತು ನೆನಪಿಲ್ಲ ಎಂದಾಗ ನನಗೆ ಮೈಯೆಲ್ಲ ಉರಿಯಿತು. ಉರಿದಾಗ ನಾನು ನಗಿಸುತ್ತೇನೆ, ನನಗೆ ಬರುವುದು ಅದೊಂದೇ.

ಒಂದೇ ಒಂದು ಪ್ರಶ್ನೆ. ಛಾವಣಿಯ ತೊಲೆಗಳಿಗೆ ಬಣ್ಣ ಹಚ್ಚಲು ಹತ್ತಿದ ಆ ಪೇಂಟರ್ ತಾತ, ಕಬ್ಬಿಣವೆಲ್ಲ ತುಕ್ಕು ತಿಂದಿದೆ ಎಂದು ಮೂರು ವಾರ ಮೊದಲೇ ನಿಮ್ಮ ಆಫೀಸಿಗೆ ಕಾಗದ ಹಾಕಿದೆ ಎನ್ನುತ್ತಾರೆ. ಅಂಥ ಕಾಗದ ಬಂದೇ ಇಲ್ಲ ಎನ್ನುತ್ತದೆ ನಿಮ್ಮ ಆಫೀಸು. ಅಲ್ಲಿ ಟಪಾಲು ಒಡೆಯುವವನು ನೀನೊಬ್ಬನೇ. ಬಂದಿತ್ತಾ, ಇಲ್ಲವಾ? ನನಗಾದರೂ ಹೇಳು. ಗಂಟೆ ನಿಲ್ಲಿಸುತ್ತೇನೆ.

ತಂಗಿ


ಫೆಬ್ರವರಿ 23

ವಿಷಯ: ನಿನ್ನ ಪ್ರಶ್ನೆ.
ಉಲ್ಲೇಖ: ನಿನ್ನ 14ನೇ ತಾರೀಕಿನ ಕಾಗದ.

ಬಂದಿತ್ತು.

ನೋಡು, ಮೂರೇ ಅಕ್ಷರ. ಆರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇಷ್ಟು ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇದನ್ನು ಓದಿದ ಮೇಲೆ ಹರಿದುಹಾಕು.

ಆಗಸ್ಟ್ 4, ಬೆಳಗಿನ ಟಪಾಲು. ನನ್ನ ಕ್ರಮ ನಿನಗೆ ಗೊತ್ತು. ತಾರೀಕಿನ ಮುದ್ರೆಗೆ ಹೊಸ ಮಸಿ ಹಾಕಿದಾಗ ಮೊದಲ ಮುದ್ರೆ ಲಕೋಟೆಗೆ, ಮಸಿ ಹರಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಎರಡನೆಯದು ಕಾಗದಕ್ಕೆ. ಅಂದೂ ಹಾಗೆಯೇ. ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಕ್ರಮಸಂಖ್ಯೆ, 1146. ಆಮೇಲೆ ಕಾಗದ ಓದಿದೆ. ಒಂದೇ ಪುಟ, ಅಕ್ಷರ ಅಂಕುಡೊಂಕು. "ಸ್ವಾಮಿ, ನಾನು ಬಣ್ಣದವನು, ಇಂಜಿನಿಯರ್ ಅಲ್ಲ. ಆದರೆ ತುಕ್ಕು ಕೆರೆಯುವಾಗ ನನ್ನ ಅಲಗು ತೊಲೆಯ ಒಳಕ್ಕೇ ಹೋಯಿತು. ಛಾವಣಿ ಈಗ ನಿಂತಿರುವುದು ನಾನು ಹಚ್ಚಿದ ಬಣ್ಣದ ಮೇಲೆ. ದಯವಿಟ್ಟು ಜನರನ್ನು ಹೊರಗೆ ಕಳಿಸಿ."

ನೇರ ಸಾಹೇಬರ ಕೋಣೆಗೆ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು ಓದಿದರು. "ಇದನ್ನ ಈಗ್ಲೇ ರಿಜಿಸ್ಟರಿಗೆ ಹತ್ತಿಸ್ಬೇಡ. ಒಂದು ಸಾಲು ಖಾಲಿ ಬಿಟ್ಟಿರು. ಮಂತ್ರಿಗಳು ಬಂದು ನವೀಕರಣದ ಉದ್ಘಾಟನೆ ಮಾಡಿ ಹೋಗ್ಲಿ, ಆಮೇಲೆ ನೋಡೋಣ" ಎಂದರು. ಕಾಗದ ಅವರ ಡ್ರಾಯರಿಗೆ ಹೋಯಿತು. ನಾನು ಸಾಲು ಬಿಟ್ಟೆ. ಇಪ್ಪತ್ತನೇ ತಾರೀಕು ಮಂತ್ರಿಗಳು ಬಂದು ಹೋದರು. ಇಪ್ಪತ್ತಮೂರಕ್ಕೆ ಛಾವಣಿ ಬಿತ್ತು. ಇಪ್ಪತ್ತನಾಲ್ಕಕ್ಕೆ ಸಾಹೇಬರು ಕರೆದು "ಆ ಸಾಲು ತುಂಬ್ಬಿಡು" ಎಂದರು. ತುಂಬಿದೆ. 1146, ಕುರ್ಚಿ ದುರಸ್ತಿ ಕೋರಿಕೆ. ನನ್ನದೇ ಪೆನ್ನು, ನನ್ನದೇ ಕೈಬರಹ. ಕಾಗದವನ್ನು ಸಾಹೇಬರು ನನ್ನ ಕಣ್ಣೆದುರೇ ಸುಟ್ಟರು.

ಇನ್ನೂ ಒಂದಿದೆ. ಇದನ್ನು ಬರೆಯದಿದ್ದರೆ ಹೇಳಿದ್ದೆಲ್ಲ ಅರ್ಧವೇ. ಆಗಸ್ಟ್ ನಾಲ್ಕರಂದೇ ನಾನು ಮನೆಗೆ ಬಂದು ನಿನ್ನ ಅತ್ತಿಗೆಗೆ ಹೇಳಿದೆ: "ಇನ್ಮೇಲೆ ಮಾರ್ಕೆಟ್ಟಿಗೆ ಹೋಗ್ಬೇಡ. ತರಕಾರಿ ಗಾಡಿಯವನ ಹತ್ರ ತಗೋ." ಅವಳಿಗೆ ಹೇಳಿದೆ. ಮಗಳಿಗೆ ಹೇಳಿದೆ. ಮತ್ಯಾರಿಗೂ ಹೇಳಲಿಲ್ಲ. ಮೂರು ವಾರ ನಾನು ಆ ಮಾರುಕಟ್ಟೆಯ ಮುಂದೆಯೇ ಆಫೀಸಿಗೆ ನಡೆದು ಹೋದೆ, ರಸ್ತೆಯ ಆಚೆ ಬದಿಯಿಂದ.

ಈಗ ಬಾಯಿಬಿಟ್ಟರೆ ಸುಳ್ಳು ಬರೆದವನು ನಾನು. ಸಾಹೇಬರ ಸಹಿ ಎಲ್ಲೂ ಇಲ್ಲ, ಅವರು ಆಡಿದ್ದು ಬರೀ ಬಾಯಿಮಾತು. ಜೈಲಿಗೆ ಹೋಗುವವನು ನಾನೊಬ್ಬನೇ. ನನಗೆ ಹೆದರಿಕೆ, ಪುಟ್ಟಿ. ಅಷ್ಟೇ ಕಾರಣ.

ಹರಿದುಹಾಕು.

ಅಣ್ಣ


ಮಾರ್ಚ್ 19

ಅಣ್ಣ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕುಳಿತರೆ ರಸ್ತೆಯ ಆಚೆ ಬದಿಯಲ್ಲಿ ನಡೆಯುವ ನೀನು ಕಾಣುತ್ತೀಯ.

ಗಂಟೆ ನಿಲ್ಲಿಸಿದ್ದೇನೆ. ಗಂಟೆಯೇನು, ಎರಡು ವಾರದಿಂದ ಕಂತೇ ಇಲ್ಲ. ಕೇಳುಗರು "ಚಹಾ ಆರಿ ಹೋಯ್ತು" ಎಂದು ಬರೆಯುತ್ತಿದ್ದಾರೆ. ಗುಂಡ ದಿನಾ ಬಂದು ಬಕೆಟ್ಟಿನ ಮೇಲೆ ಕುಳಿತು ಎದ್ದು ಹೋಗುತ್ತಾನೆ.

ಪೇಂಟರ್ ತಾತನನ್ನು ಮತ್ತೆ ಕರೆಸಿದ್ದನ್ನು ನೀನೂ ನೋಡಿರುತ್ತೀಯ. ನಿಮ್ಮ ಸಾಹೇಬರ ವಕೀಲ ಕೇಳಿದ: "ಥಿನ್ನರ್ ವಾಸನೆಗೆ ತಲೆ ತಿರುಗಿ, ಬರೆಯದ ಕಾಗದಾನ ಬರ್ದೆ ಅಂತ ಅಂದ್ಕೊಂಡ್ರೋ?" ಎಲ್ಲರೂ ನಕ್ಕರು. ತಾತ ನಗು ನಿಲ್ಲುವವರೆಗೂ ಕಾದು, "ಬರ್ದೆ ಸ್ವಾಮಿ. ಡಬ್ಬಿಗೆ ಹಾಕಿ, ಒಳಗೆ ಬಿತ್ತಾ ಅಂತ ಡಬ್ಬಿ ತಟ್ಟಿ ನೋಡ್ದೆ" ಎಂದರು. ಗುಂಡ ಆ ದೃಶ್ಯಕ್ಕೆ ಸೀಸೆಯ ಬಿರಡೆ ಕೀಳುವ ಸದ್ದನ್ನು ಹುಡುಕಿಟ್ಟಿದ್ದ. ನಿನ್ನ ಕಾಗದ ಬಂದಿರದಿದ್ದರೆ ನಾನು ಅದನ್ನು ಹಾಕಿರುತ್ತಿದ್ದೆ, ಚೆನ್ನಾಗಿಯೇ ಹಾಕಿರುತ್ತಿದ್ದೆ. ಅದು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸುಳ್ಳುಸಾಕ್ಷಿಗೆ ಅವರ ಮೇಲೆ ಮೊಕದ್ದಮೆ ಹೂಡುವ ಮಾತು ನಡೆದಿದೆಯಂತೆ. ಎಪ್ಪತ್ತೊಂದು ವರ್ಷ ಅವರಿಗೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದರು.

ಅಣ್ಣ, ನಿನ್ನ ಕಾಲಿಗೆ ಬೀಳುತ್ತೇನೆ, ಹೋಗಿ ಹೇಳಿಬಿಡು. ಜೈಲಾದರೆ ಅತ್ತಿಗೆಯನ್ನೂ ಮಗುವನ್ನೂ ನಾನು ನೋಡಿಕೊಳ್ಳುತ್ತೇನೆ. ಇದನ್ನು ನಗಿಸಲು ಬರೆಯುತ್ತಿಲ್ಲ.

ನಿನ್ನ ಕಾಗದ ಹರಿದಿಲ್ಲ. ಕೈ ಬರಲಿಲ್ಲ.

ಚಿನಕುರುಳಿ


ಮಾರ್ಚ್ 28

ಪುಟ್ಟಿ,

ಹೇಳುವುದು ಸುಲಭವೆಂದು ತಿಳಿಯಬೇಡ. ನಿನ್ನ ಕಾಗದ ಬಂದ ದಿನವೇ ಊರಾಚೆಯ ಒಬ್ಬ ವಕೀಲರ ಹತ್ತಿರ, ಯಾರದೋ ಕಥೆ ಎಂಬಂತೆ ಕೇಳಿದೆ. ಅವರು ದಡ್ಡರಲ್ಲ. "ನಿಮ್ಮ ಆ ಸ್ನೇಹಿತರಿಗೆ ಹೇಳಿ, ಸಾಕ್ಷ್ಯ ಇಲ್ದೆ ಮಾತಾಡಿದ್ರೆ ಅವರೂ ಮುಳುಗ್ತಾರೆ, ಆ ಪೇಂಟರೂ ಏಳಲ್ಲ" ಎಂದರು. ರಿಜಿಸ್ಟರಿನಲ್ಲಿ ನನ್ನ ಕೈಬರಹದಲ್ಲೇ ಕುರ್ಚಿ ದುರಸ್ತಿ ಎಂದಿದೆ. ಅಸಲು ಕಾಗದ ಬೂದಿಯಾಗಿದೆ. ಸಿಕ್ಕಿಬಿದ್ದ ಗುಮಾಸ್ತ ಮೇಲಿನವರ ಮೇಲೆ ಹಾಕುತ್ತಿದ್ದಾನೆ ಎನ್ನುತ್ತಾರೆ, ಮುಗಿಯಿತು.

ಆಗ ಲಕೋಟೆ ನೆನಪಾಯಿತು. ಕಾಗದ ಸುಟ್ಟರು, ಲಕೋಟೆಯನ್ನು ಯಾರೂ ಕೇಳಲಿಲ್ಲ. ಅದು ಎಂದಿನಂತೆ ಹಳೇ ಲಕೋಟೆಗಳ ಕಟ್ಟಿನೊಳಗೆ ಸೇರಿ ಮನೆಗೆ ಬಂದಿರಬೇಕು. ಅದರ ಮೇಲೆ ತಾತನ ಕೈಬರಹದ ವಿಳಾಸ, ಅಂಚೆಯ ಠಸ್ಸೆ, ನನ್ನ ಆಗಸ್ಟ್ 4ರ ಮೊದಲ ಮುದ್ರೆ, ಪೆನ್ಸಿಲಿನ 1146. ಕುರ್ಚಿ ದುರಸ್ತಿಗೆ ಪೇಂಟರ್ ಯಾಕೆ ಅರ್ಜಿ ಹಾಕುತ್ತಾನೆ ಎಂದು ಯಾರಾದರೂ ಕೇಳಲೇಬೇಕು. ಮೂಲೆಯಲ್ಲಿ ಹಸಿರು ಬಣ್ಣದ ಹೆಬ್ಬೆಟ್ಟಿನ ಗುರುತೂ ಇತ್ತು, ಮಾರುಕಟ್ಟೆಗೆ ಹಚ್ಚಿದ ಅದೇ ಹಸಿರು.

ಮೂರು ದಿನ ಹುಡುಕಿದೆವು. ಕಟ್ಟು ಬಿಚ್ಚಿ ನಡುಮನೆಯಲ್ಲಿ ಹರಡಿ, ಒಂದೊಂದನ್ನೂ ತಿರುಗಿಸಿದೆವು. ನಾನ್ನೂರ ಹನ್ನೆರಡು ಲಕೋಟೆ. ನಿನ್ನ ಅತ್ತಿಗೆ ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಿದ್ದನ್ನೂ ಎಳೆದಳು. ಮಗಳು ಶಾಲೆಯ ಪುಸ್ತಕಗಳ ಹೊದಿಕೆ ಕಿತ್ತಳು. ಇಲ್ಲ. ಒಲೆಗೋ ಕಸಕ್ಕೋ ಹೋಗಿದೆ.

ಮೊನ್ನೆ ಸಾಹೇಬರ ಡ್ರೈವರು ಮನೆಗೆ ಬಂದಿದ್ದ. ಕುಳಿತುಕೊಳ್ಳಲಿಲ್ಲ. "ಆರೋಗ್ಯ ವಿಚಾರಿಸ್ಕೊಂಡು ಬಾ ಅಂದ್ರು ಸಾಹೇಬ್ರು. ಮಗು ಯಾವ ಸ್ಕೂಲು?" ಎಂದ. ಏಪ್ರಿಲ್ 16ಕ್ಕೆ ಕೊನೆಯ ಸಾಕ್ಷ್ಯ, ನನ್ನನ್ನು ಮತ್ತೆ ಕರೆದಿದ್ದಾರೆ. ನಾನು ಮೂವತ್ತೆಂಟನೇ ಸಲ ಅದೇ ಮಾತು ಹೇಳುತ್ತೇನೆ. ನನಗೆ ಬೇರೆ ದಾರಿ ಇಲ್ಲ.

ಫೆಬ್ರವರಿಯ ಆ ಕಾಗದವನ್ನು ಇವತ್ತೇ ಹರಿ. ಆಣೆ ಇಟ್ಟು ಕೇಳುತ್ತೇನೆ.

ಅಣ್ಣ


ಏಪ್ರಿಲ್ 4

ಅಣ್ಣ,

ಹರಿಯಲು ಕುಳಿತೆ. ನೀನು ಆಣೆ ಇಟ್ಟೆಯಲ್ಲ, ಅದಕ್ಕೆ. ಮಡಿಕೆಯ ಉದ್ದಕ್ಕೂ ಬೆರಳಿನಷ್ಟು ಹರಿದೂ ಬಿಟ್ಟೆ. ನನ್ನ ಹೆಬ್ಬೆರಳ ಪಕ್ಕದಲ್ಲಿ ಒಂದು ಹಸಿರು ಕಲೆ ಕಂಡಿತು.

ತಿರುಗಿಸಿದೆ. ಹುಟ್ಟಿದಾಗಿನಿಂದ ಮೊದಲ ಸಲ, ಊರವರ ಕಡೆ ತಿರುಗಿಸಿದೆ.

ಹೆಬ್ಬೆಟ್ಟು ಇದೆ ಅಣ್ಣ. ಅಂಕುಡೊಂಕು ವಿಳಾಸ ಇದೆ. ಆಗಸ್ಟ್ 4 ಇದೆ, ಮಸಿ ಸ್ವಲ್ಪವೂ ಹರಡಿಲ್ಲ. 1146 ಇದೆ. ನೀವು ಮೂವರೂ ಅಡುಗೆಮನೆ ಅಗೆಯುತ್ತಿದ್ದಾಗ ಅದು ಐದು ವಾರದಿಂದ ನನ್ನ ದಿಂಬಿನ ಕೆಳಗಿತ್ತು. ಕಟ್ಟಿನಿಂದ ಕೈಗೆ ಸಿಕ್ಕಿದ್ದನ್ನು ಎಳೆದು, ತಿರುಗಿಸಿ ನೋಡದೆ, ಆ ಲಕೋಟೆಯ ಒಳಗೇ ನೀನು ನನಗೆ ಎಲ್ಲವನ್ನೂ ಬರೆದಿದ್ದೀಯ. ಎದ್ದು ಕುಣಿಯಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಸ್ನಾನದ ಕೋಣೆಗೆ ಹೋಗಿ ಕಂಬಳಿಗೆ ಮುಖ ಒತ್ತಿ ಕಿರುಚಿದೆ. ಅಲ್ಲಿ ಕಿರುಚಿದರೆ ಹೊರಗೆ ಕೇಳುವುದಿಲ್ಲ.

ಹೊರಮೈ ತಾತನನ್ನು ಉಳಿಸುತ್ತದೆ. ಒಳಮೈ ನಿನ್ನನ್ನು ಹಿಡಿದುಕೊಡುತ್ತದೆ. ಸುಳ್ಳು ಬರೆದದ್ದು ಮಾತ್ರವಲ್ಲ, ಅತ್ತಿಗೆಗೆ ಹೇಳಿ ಊರಿಗೆ ಹೇಳದಿದ್ದದ್ದೂ ಅಲ್ಲೇ ಇದೆ, ನಿನ್ನ ದುಂಡನೆಯ ಅಕ್ಷರದಲ್ಲಿ. ಗುಂಡನಿಗೆ ಹೇಳಲೇಬೇಕಾಯಿತು. ಅವನು ಹೊರಮೈಯ ಫೋಟೋ ಮಾತ್ರ ಕೊಡೋಣ ಎಂದ. ಅಸಲು ಕೇಳುತ್ತಾರೆ. ಒಳಗೆ ಕಾಗದ ಅಂಟಿಸೋಣ ಎಂದ. ಬಿಡಿಸುತ್ತಾರೆ. ನನ್ನ ತಲೆಗೂ ಬೇರೇನೂ ಹೊಳೆಯುತ್ತಿಲ್ಲ.

ನಿನ್ನನ್ನು ಕೇಳದೆ ಕೊಡಲಾರೆ. ಕೇಳಿದರೆ ನೀನು ಹರಿ ಎನ್ನುತ್ತೀಯ. ಹರಿ ಎಂದರೆ ಹರಿಯಲಾರೆ. ನಾನೇನು ಮಾಡಲಿ, ನೀನೇ ಹೇಳು. ಹದಿನಾರಕ್ಕೆ ಇನ್ನು ಹನ್ನೆರಡು ದಿನ.

ಚಿನಕುರುಳಿ


ಏಪ್ರಿಲ್ 9

ಚಿನಕುರುಳಿಗೆ ಅತ್ತಿಗೆ ಮಾಡುವ ಆಶೀರ್ವಾದ.

ನಾನು ಕಾಗದ ಬರೆಯುವವಳಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಿಮ್ಮಣ್ಣ ನಿನಗೆ ಉತ್ತರ ಬರೆದು, ಅಂಚೆಗೆ ಹಾಕು ಎಂದು ನನ್ನ ಕೈಗೆ ಕೊಟ್ಟರು. ನಾನು ಓದಿದೆ. "ಪೂರ್ತಿ ಹರಿ" ಎಂದು ಮೂರು ಸಲ ಬರೆದಿದ್ದರು. ಅದನ್ನು ಡಬ್ಬಿಗೆ ಹಾಕಲಿಲ್ಲ. ವಾಪಸು ಬಂದು ಅವರ ಮುಂದೆಯೇ ಇಟ್ಟೆ.

ನಿನಗೆ ಒಂದು ವಿಷಯ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಲ್ಲ. ಆಗಸ್ಟ್ ಇಪ್ಪತ್ತಮೂರರ ಬೆಳಿಗ್ಗೆ ಪಕ್ಕದ ಮನೆ ಅಕ್ಕ ಚೀಲ ಹಿಡಿದು ಬಾಗಿಲಿಗೆ ಬಂದಿದ್ದರು. "ಬರ್ತೀಯೇನೇ ಮಾರ್ಕೆಟ್ಟಿಗೆ? ಹೊಸ ಬಣ್ಣ ಹೊಡ್ದು ಜೋರಾಗಿದೆಯಂತೆ" ಎಂದರು. ನಾನು ತಲೆನೋವು ಎಂದೆ. ಯಾಕೆ ಹೋಗಬಾರದೆಂದು ನಿಮ್ಮಣ್ಣ ಹೇಳಿರಲಿಲ್ಲ, ಆದರೆ ಏನೋ ಇದೆ ಎಂದು ನನಗೆ ಗೊತ್ತಿತ್ತು. ಹೋಗಬೇಡಿ ಅಕ್ಕ ಎನ್ನಲು ಒಂದು ಉಸಿರು ಸಾಕಾಗಿತ್ತು. ಇವರ ಆಫೀಸಿನ ಮಾತು ಹೊರಗೆ ಹೋಗಬಾರದೆಂದು ಸುಮ್ಮನಾದೆ. ಅವರು "ನಿಂಗೇನಾದ್ರೂ ತರ್ಲಾ?" ಎಂದು ಕೇಳಿದರು. ನಿಂಬೆಹಣ್ಣು ತನ್ನಿ ಎಂದೆ.

ಅವರ ಚೀಲ ಸಿಕ್ಕಿತು. ಒಳಗೆ ನಿಂಬೆಹಣ್ಣಿತ್ತು ಎಂದು ಅವರ ಸೊಸೆ ಹೇಳಿದಳು.

ಇದನ್ನು ನಿಮ್ಮಣ್ಣನಿಗೆ ಮೊನ್ನೆ ಹೇಳಿದೆ.  ಅವರು "ಅವಳಿಗೆ ನೀನೇ ಬರಿ, ನನ್ನ ಕೈ ಮತ್ತೆ ಹರಿ ಅಂತಲೇ ಬರೆಯುತ್ತೆ" ಎಂದರು.

ಹರಿಯಬೇಡ. ಅಂಚೆಗೂ ಹಾಕಬೇಡ. ನೀನೇ ತಗೊಂಡು ಬಾ. ಹರಿದ ಕಡೆ ಟೇಪು ಹಚ್ಚಬೇಡ, ಹಾಗೇ ಇರಲಿ. ಮಗಳನ್ನು ನನ್ನ ತಂಗಿಯ ಮನೆಗೆ ಕಳಿಸಿದ್ದೇನೆ.

ನಿನ್ನ ಅತ್ತಿಗೆ


ಜೂನ್ 25

ಚಿನಕುರುಳಿಗೆ,

ಇದು ಜೈಲಿನಿಂದ ನಾನು ಬರೆಯುತ್ತಿರುವ ನಾಲ್ಕನೇ ಕಾಗದ. ಮೊದಲ ಮೂರಕ್ಕೆ ನೀನು ಉತ್ತರಿಸಿಲ್ಲ. ತಲುಪಿಲ್ಲವೇನೋ ಎಂದುಕೊಳ್ಳುತ್ತೇನೆ, ಆಮೇಲೆ ನಗು ಬರುತ್ತದೆ. ತಲುಪಿದ ಕಾಗದವನ್ನು ತಲುಪಿಲ್ಲ ಎನ್ನುವುದು ನನ್ನ ಕಸುಬಾಗಿತ್ತು.

ನಿನ್ನ ಕೊನೆಯ ಕಂತನ್ನು ನಿನ್ನ ಅತ್ತಿಗೆ ಭೇಟಿಗೆ ಬಂದಾಗ ಬಾಯಲ್ಲೇ ಒಪ್ಪಿಸಿದಳು. "ಮರೆವು ಮಾಮ ನನ್ನ ಅಣ್ಣ" ಎಂದು ಶುರು ಮಾಡಿದೆಯಂತೆ. ಲಕೋಟೆಯ ಎರಡೂ ಕಡೆ ಓದಿದೆಯಂತೆ, ನಡುವೆ ಎಲ್ಲೂ ನಗಿಸಲಿಲ್ಲವಂತೆ. ಆಮೇಲೆ ಜನ ನಿನಗೂ ಬಾಯಿಗೆ ಬಂದದ್ದು ಬರೆದರಂತೆ. ಅಣ್ಣನೆಂದು ಮುಚ್ಚಿಟ್ಟವಳು ಎಂದು ಕೆಲವರು, ಅಣ್ಣನನ್ನೇ ಹಿಡಿದುಕೊಟ್ಟವಳು ಎಂದು ಕೆಲವರು. ಗುಂಡ ಬಕೆಟ್ಟನ್ನು ಬಕೆಟ್ಟಾಗಿ ಬಳಸುತ್ತಿದ್ದಾನೆ ಎಂದು ಹೇಳಿ ಅವಳು ನಗಿಸಲು ನೋಡಿದಳು. ನೀನು ಮನೆಯಿಂದ ಹೊರಗೆ ಬರುತ್ತಿಲ್ಲವೆಂದೂ ಹೇಳಿದಳು.

ಏಪ್ರಿಲ್ ಹದಿನಾರರಂದು ನೀನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ, ನೋಡಿದೆಯೋ ಇಲ್ಲವೋ. ನಾನು ಲಕೋಟೆಯನ್ನು ಮುಂದಿಟ್ಟು "ನೆನಪಿದೆ" ಎಂದಾಗ ನ್ಯಾಯಾಧೀಶರು ಚಹಾ ಕೇಳಲಿಲ್ಲ. ತಾತ ಹೊರಗೆ ಕಾರಿಡಾರಿನಲ್ಲಿ ನನ್ನ ಹತ್ತಿರ ಬಂದರು. ಜೊತೆಗಿದ್ದ ಪೊಲೀಸು ತಡೆಯಲಿಲ್ಲ. "ಓದಿದ್ರಾ?" ಎಂದು ಕೇಳಿದರು. ಓದಿದೆ ಎಂದೆ. "ಇಷ್ಟು ದಿನ, ಯಾರೂ ಓದ್ಲಿಲ್ಲವಲ್ಲ ಅಂತ ಸಂಕಟ ಪಡ್ತಿದ್ದೆ ಸ್ವಾಮಿ. ಓದಿದ್ರು ಅಂತ ಗೊತ್ತಾದ್ಮೇಲೆ ಅದಕ್ಕಿಂತ ಜಾಸ್ತಿ ಆಗ್ತಿದೆ" ಎಂದರು. ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ನನಗೆ ಇಲ್ಲಿ ನಿದ್ದೆ ಬರದಿದ್ದರೆ ಅದೊಂದೇ ಕಾರಣಕ್ಕೆ, ನಿನ್ನಿಂದಲ್ಲ.

ಸಾಹೇಬರಿಗೆ ಜಾಮೀನು ಸಿಕ್ಕಿದೆ. ನನಗೆ ಸಿಕ್ಕಿಲ್ಲ. ಯಾವಾಗ ಸಿಗುತ್ತದೋ ವಕೀಲರಿಗೂ ಗೊತ್ತಿಲ್ಲ. ಮಗಳು ಸೈಕಲ್ಲಿಗೆ ಗಂಟೆಯನ್ನು ಮತ್ತೆ ಹಾಕಿಲ್ಲ. ಪಕ್ಕದ ಮನೆಯವರು ನಿನ್ನ ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಾರೆ. ಅದನ್ನೂ ಅವಳು ಸರಿ ಎಂದೇ ಹೇಳುತ್ತಾಳೆ.

ನೀನು ಹಿಡಿದುಕೊಟ್ಟೆ ಎಂದು ನಾನು ಅಂದುಕೊಂಡಿಲ್ಲ ಪುಟ್ಟಿ. ಐದು ವಾರ ನೀನು ಹರಿಯದೆ ಇಟ್ಟುಕೊಂಡಿದ್ದೆ. ನಾನು ಅಷ್ಟೂ ವಾರ ಹರಿ ಹರಿ ಎನ್ನುತ್ತಿದ್ದೆ. ಇಲ್ಲಿ ಕುಳಿತು ಅದನ್ನೇ ಯೋಚಿಸುತ್ತೇನೆ.

ಇಲ್ಲಿ ಬರೆಯಲು ಹೊಸ ಬಿಳಿ ಹಾಳೆ ಕೊಡುತ್ತಾರೆ, ವಾರಕ್ಕೆ ಎರಡೇ. ಬರೆಯುವ ಮೊದಲು ಈಗ ಪ್ರತಿ ಸಲ ತಿರುಗಿಸಿ ನೋಡುತ್ತೇನೆ. ಇದರ ಹಿಂಬದಿ ಖಾಲಿ ಇದೆ, ಊರವರದ್ದು ಏನೂ ಇಲ್ಲ. ಓದಿದ ಮೇಲೆ ಹರಿಯಬೇಡ. ನಿನಗೆ ಏನೂ ತೋಚದಿದ್ದರೆ ಹಿಂಬದಿಯಲ್ಲಿ "ತಲುಪಿದೆ" ಎಂದಷ್ಟೇ ಬರೆದು, ತಾರೀಕು ಹಾಕಿ ವಾಪಸು ಕಳಿಸು.

ಇಂತಿ,
ನಿನ್ನ ಅಣ್ಣ